ಮೊಣಕಾಲು ನೋವಿಗೆ ಕುತ್ತಿಗೆಯ ಎಕ್ಸ್‌ರೇ ಯಾಕೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಗಳಗನಾಥದಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ನಿಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ನನ್ನನ್ನೂ ಕರೆದು ನಾಲ್ಕು ಮಾತು ಹೇಳಲು ಅವಕಾಶ ಕೊಟ್ಟಿದ್ದೀರಿ.  ವರದೆ ತುಂಗಭದ್ರೆಯನ್ನು ಕೂಡುವ ಈ ಸ್ಥಳ, ಗಳಗೇಶ್ವರನ ಈ ಸನ್ನಿಧಿ ದೊಡ್ಡದು. ವೆಂಕಟೇಶ ತಿರಕೊ ಕುಲಕರ್ಣಿಯವರು ಈ ಊರ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡು ಕಾದಂಬರಿ ಬರೆದು, ಕನ್ನಡಿಗರಿಗೆ ಓದುವ ರುಚಿ ಹಚ್ಚಿದರು. ಇನ್ನು ಸಹಕಾರದ ಮಾತು ಬಂದರೆ, 1905ರಲ್ಲಿ ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರಿ ಸಂಘ ಕಟ್ಟಿದರು. ಒಬ್ಬನ ಭಾರವನ್ನು ಹತ್ತು ಜನ ಹೊರುವುದೇ ಸಹಕಾರ. ನಾನು ಇಂದು ಹೇಳಹೊರಟಿದ್ದೂ ಭಾರ ಹೊರುವ ವಿಷಯವೇ. ಆದರೆ ಅದು ತಲೆಯ ಭಾರ ಹೊರುವ ಕುತ್ತಿಗೆಯ ವಿಷಯ.

ಈ ಶಿಬಿರದಲ್ಲಿ ಬೆಳಿಗ್ಗೆ ಒಬ್ಬ ತಾಯಿ ನನ್ನ ಮುಂದೆ ಕೂತು ಸಿಟ್ಟಿನಿಂದಲೇ ಕೇಳಿದರು:

“ಡಾಕ್ಟರ್ರ, ನನಗ ನೋವು ಇರೋದು ಮೊಣಕಾಲಾಗ. ಅದಕ್ಕ ಆಪರೇಶನ್ ಮಾಡ್ತೀನಂದ್ರು. ಹೋದ್ರ, ಮೊದಲು ಕುತ್ತಿಗಿ ಫೋಟೋ ತಗಸ್ಕೊಂಡು ಬಾ ಅಂತ ಚೀಟಿ ಬರದು ಕೊಟ್ಟಾರ. ಕಾಲಿಗೂ ಕುತ್ತಿಗಿಗೂ ಏನ್ ಸಂಬಂಧರೀ? ರೊಕ್ಕಾ ಕೀಳಾಕಲ್ಲೇನು ಇದು?”

ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆ ತಾಯಿಯ ಎರಡೂ ಕೈ ನೋಡಿದೆ. ಬೆರಳ ಬುಡದ ಗಿಣ್ಣುಗಳು ಊದಿವೆ, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿವೆ. ಹದಿನೈದು ವರ್ಷದ ಸಂಧಿವಾತ. ಚೀಟಿ ಬರೆದ ವೈದ್ಯರು ಸರಿಯಾಗಿಯೇ ಬರೆದಿದ್ದಾರೆ. ಆದರೆ ಯಾಕೆಂದು ಹೇಳಿ ಕಳಿಸಿಲ್ಲ. ಹೇಳದಿದ್ದರೆ ಜನ ಸಂಶಯ ಪಡುವುದು ಸಹಜ. ಅವರಿಗೆ ಕೊಟ್ಟ ಉತ್ತರವನ್ನೇ ಈಗ ನಿಮ್ಮೆಲ್ಲರ ಮುಂದೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕೀಲು ನೋವು ಎಲ್ಲವೂ ಒಂದೇ ಅಲ್ಲ. ವಯಸ್ಸಾದಂತೆ ಗಾಡಿಯ ಅಚ್ಚು ಸವೆದ ಹಾಗೆ ಮೊಣಕಾಲು ಸವೆಯುವುದು ಒಂದು ಬಗೆ. ಅದನ್ನು ನಾವು ಸವಕಳಿ ಎನ್ನೋಣ. ಇನ್ನೊಂದು, ರುಮಟಾಯ್ಡ್ ಎಂದು ಕರೆಯುವ ಸಂಧಿವಾತ. ಇದು ಸವಕಳಿಯಲ್ಲ. ನಮ್ಮ ಮೈಯನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆ ಪೊರೆ ಊದಿ ದಪ್ಪವಾಗಿ, ಪಕ್ಕದ ಎಲುಬನ್ನೂ ಕಟ್ಟುಗಳನ್ನೂ ತಿನ್ನುತ್ತ ಹೋಗುತ್ತದೆ. ಸಾವಿರ ಜನರಲ್ಲಿ ಐದರಿಂದ ಹತ್ತು ಮಂದಿಗೆ ಈ ರೋಗ ಇರಬಹುದು. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಗಳ ಸಣ್ಣ ಕೀಲುಗಳು ಒಟ್ಟಿಗೆ ಊದುವುದು, ಬೆಳಿಗ್ಗೆ ಎದ್ದಾಗ ತಾಸುಗಟ್ಟಲೆ ಕೈ ಬಿಗಿದಿರುವುದು, ಮೈ ಬೆಚ್ಚಗಾಗಿ ಸೋತಂತಿರುವುದು ಇದರ ಗುರುತು.

ನಮ್ಮ ಭಾಗದ ಹೆಣ್ಣುಮಕ್ಕಳ ಬದುಕೆಲ್ಲ ಬೆರಳ ಮೇಲೆಯೇ ನಿಂತಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು, ರಾಣೆಬೆನ್ನೂರ ಕಡೆ ಬೀಜೋತ್ಪಾದನೆಯ ಹೊಲದಲ್ಲಿ ಹೂವು ಹಿಡಿದು ಕ್ರಾಸಿಂಗ್ ಮಾಡುವವರು, ಹತ್ತಿ ಬಿಡಿಸುವವರು, ದಿನಾ ರೊಟ್ಟಿ ಬಡಿಯುವವರು. ಹೀಗಾಗಿ ಬೆರಳು ಊದಿದರೆ “ಕೆಲಸದಿಂದ ಬಂದದ್ದು” ಎಂದು ಸುಮ್ಮನಾಗುತ್ತಾರೆ. ಕೆಲಸದಿಂದ ಈ ರೋಗ ಬರುವುದಿಲ್ಲ. ಕೆಲಸ ಬಿಟ್ಟರೆ ಹೋಗುವುದೂ ಇಲ್ಲ.

ಇನ್ನು ಕುತ್ತಿಗೆಗೆ ಬರೋಣ. ನಿಮ್ಮ ಮನೆಯಲ್ಲಿ ಬೀಸುಕಲ್ಲು ಇದ್ದರೆ ಅದನ್ನು ನೆನಪಿಸಿಕೊಳ್ಳಿರಿ. ಕೆಳಗಿನ ಕಲ್ಲಿನಿಂದ ಒಂದು ಗೂಟ ಮೇಲೆದ್ದಿರುತ್ತದೆ. ಮೇಲಿನ ಕಲ್ಲು ಆ ಗೂಟದ ಸುತ್ತ ತಿರುಗುತ್ತದೆ. ದೇವರು ನಮ್ಮ ಕುತ್ತಿಗೆಯಲ್ಲಿ ಅಂಥದೇ ಒಂದು ಬೀಸುಕಲ್ಲು ಇಟ್ಟಿದ್ದಾನೆ. ಕುತ್ತಿಗೆಯಲ್ಲಿ ಏಳು ಮಣಿಗಳಿವೆ. ಮೊದಲನೆಯದು ಬಳೆಯಂತಿದೆ. ಅದಕ್ಕೆ ಅಟ್ಲಾಸ್ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಅಟ್ಲಾಸ್ ಎಂಬವನು ಆಕಾಶವನ್ನು ಹೊತ್ತಿದ್ದನಂತೆ, ನಮ್ಮಲ್ಲಿ ಆದಿಶೇಷ ಭೂಮಿ ಹೊತ್ತ ಹಾಗೆ. ಎರಡನೆಯ ಮಣಿಯಿಂದ ಹಲ್ಲಿನಾಕಾರದ ಗೂಟವೊಂದು ಮೇಲೆದ್ದು ಆ ಬಳೆಯ ಒಳಗೆ ಮುಂಭಾಗದಲ್ಲಿ ನಿಂತಿರುತ್ತದೆ. “ಇಲ್ಲ, ಇಲ್ಲ” ಎಂದು ನಾವು ತಲೆ ಅಲ್ಲಾಡಿಸುವಾಗ ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇದೊಂದೇ ಕೀಲಿನದು.

ಗೂಟ ಹಿಂದಕ್ಕೆ ಸರಿಯದಂತೆ ಅದರ ಹಿಂದೆ ಅಡ್ಡಲಾಗಿ ಒಂದು ಗಟ್ಟಿ ಪಟ್ಟಿ ಬಿಗಿದಿದೆ. ಆ ಪಟ್ಟಿಯ ಹಿಂದೆಯೇ ಮಿದುಳಿನಿಂದ ಇಳಿದು ಬರುವ ನರದ ಹುರಿ, ಅಂದರೆ ಬೆನ್ನುಹುರಿ. ಕೈಕಾಲು ಆಡಿಸುವ ಅಪ್ಪಣೆಯೆಲ್ಲ ಆ ಹುರಿಯೊಳಗಿನಿಂದಲೇ ಹೋಗಬೇಕು. ಅದರ ದಪ್ಪ ನಮ್ಮ ಕಿರುಬೆರಳಿನಷ್ಟು ಮಾತ್ರ.

ಈಗ ಸಂಧಿವಾತ ಏನು ಮಾಡುತ್ತದೆ ನೋಡಿರಿ. ಬೆರಳ ಕೀಲಿನಲ್ಲಿರುವಂಥ ಒಳಪೊರೆಯೇ ಈ ಗೂಟದ ಮುಂದೆಯೂ ಹಿಂದೆಯೂ ಇದೆ. ಅದೂ ಊದುತ್ತದೆ, ಪಟ್ಟಿಯನ್ನು ಸಡಿಲಿಸುತ್ತದೆ, ಗೂಟವನ್ನು ಕೊರೆಯುತ್ತದೆ. ಪಟ್ಟಿ ಸಡಿಲಾದವರು ತಲೆ ಬಗ್ಗಿಸಿದಾಗ ಬಳೆ ತಲೆಯ ಜೊತೆ ಮುಂದಕ್ಕೆ ಜಾರುತ್ತದೆ. ಗೂಟ ಇದ್ದಲ್ಲೇ ಉಳಿಯುತ್ತದೆ. ನಡುವೆ ಹುರಿ ಸಿಕ್ಕಿಕೊಳ್ಳುತ್ತದೆ. ಕೆಲವರಲ್ಲಿ ಬಳೆಯ ಪಕ್ಕದ ಕೀಲುಗಳು ಸವೆದು, ತಲೆಯೇ ಕೆಳಗೆ ಕುಸಿದು, ಗೂಟ ತಲೆಬುರುಡೆಯ ತಳದ ಕಡೆಗೆ ಏರುತ್ತದೆ. ಮತ್ತೆ ಕೆಲವರಲ್ಲಿ ಕೆಳಗಿನ ಮಣಿಗಳು ಒಂದರ ಮೇಲೊಂದು ಸರಿದು ಮೆಟ್ಟಿಲಿನಂತೆ ಕಾಣುತ್ತವೆ.

ಇದು ಹೊಸದಾಗಿ ಕಂಡದ್ದಲ್ಲ. ಇಂಗ್ಲೆಂಡಿನ ಗ್ಯಾರಡ್ ಎಂಬ ವೈದ್ಯರು 1890ರಲ್ಲೇ, ತಾವು ನೋಡಿದ 500 ರೋಗಿಗಳಲ್ಲಿ 178 ಮಂದಿಗೆ ಕುತ್ತಿಗೆಯ ತೊಂದರೆ ಇತ್ತೆಂದು ಬರೆದರು. ಆಗ ಎಕ್ಸ್‌ರೇ ಇರಲಿಲ್ಲ. ಜರ್ಮನಿಯ ರಂಟ್ಜೆನ್ನರು ಅದನ್ನು ಕಂಡುಹಿಡಿದದ್ದು 1895ರಲ್ಲಿ. ಅಂದರೆ ಗ್ಯಾರಡ್ ಅವರು ಬರೀ ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ತಿಳಿದದ್ದು. ನಮ್ಮ ಕೈಯಲ್ಲಿ ಇಷ್ಟೆಲ್ಲ ಯಂತ್ರಗಳಿದ್ದೂ ನಾವು ತಪ್ಪುತ್ತೇವೆ.

ಹೌದು, ನಾನೇ ತಪ್ಪಿದ್ದೇನೆ. ಅದನ್ನು ಇಲ್ಲಿ ಹೇಳಬೇಕು. ಬಹಳ ವರ್ಷದ ಹಿಂದೆ ಸಂಧಿವಾತದ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬರುತ್ತಿದ್ದಳು. “ಸಾಹೇಬ್ರ, ಕೈಯಾಗಿನ ತಂಬಗಿ ಜಾರಿ ಬೀಳ್ತೈತ್ರಿ. ಕುಬಸದ ಗುಂಡಿ ಹಾಕ್ಕೊಳ್ಳಾಕ ಬರವಲ್ದು. ನಡಿಯೂ ಮುಂದ ಕಾಲು ಎಲ್ಲಿ ಬೀಳ್ತೈತಿ ಗೊತ್ತಾಗವಲ್ದು” ಎಂದಳು. ಅವಳ ಬೆರಳು ಮೊದಲೇ ಸೊಟ್ಟ, ಮೊಣಕಾಲು ಮೊದಲೇ ಬಾವು. ಅದರಿಂದಲೇ ಹೀಗಾಗಿದೆ ಎಂದು ತಿಳಿದು ನೋವಿನ ಗುಳಿಗೆ ಬರೆದೆ. ಎರಡು ಸಲ ಹಾಗೆಯೇ ಮಾಡಿದೆ. ಮೂರನೆಯ ಸಲ ಅವಳು ಬರಲಿಲ್ಲ. ಅಂಗಳದಲ್ಲಿ ಬಿದ್ದಿದ್ದಳು. ಬೇರೆ ಕಡೆ ಒಯ್ದಾಗ ಅಲ್ಲಿಯವರು ಕುತ್ತಿಗೆಯ ಚಿತ್ರ ತೆಗೆದರು. ಹುರಿ ಒತ್ತಿಕೊಂಡಿತ್ತು. ಆಪರೇಶನ್ ಆಯಿತು, ಪ್ರಾಣ ಉಳಿಯಿತು, ನೋವು ಹೋಯಿತು. ಆದರೆ ಕೈಯ ಶಕ್ತಿ ಪೂರ್ತಿ ಮರಳಲಿಲ್ಲ. ಹುರಿ ಬಹಳ ದಿನ ಒತ್ತಿಕೊಂಡಿದ್ದರೆ, ಬಿಡಿಸಿದ ಮೇಲೂ ಹೋದದ್ದು ಎಲ್ಲ ಬರುವುದಿಲ್ಲ. ಆ ಮೊದಲ ದಿನವೇ ಒಂದು ಎಕ್ಸ್‌ರೇ ತೆಗೆಸಿದ್ದರೆ ಎಂಬ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ನಿಮ್ಮ ಮುಂದೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಯಾವ ಚಿತ್ರ, ಹೇಗೆ ತೆಗೆಯಬೇಕು?

ಮೊದಲನೆಯದು ಸಾದಾ ಎಕ್ಸ್‌ರೇ. ಇದಕ್ಕೆ ಖರ್ಚು ಕಡಿಮೆ, ದೂರ ಹೋಗುವುದೂ ಬೇಡ. ಆದರೆ ಒಂದು ಗುಟ್ಟು ಇದೆ. ಕುತ್ತಿಗೆ ನೇರ ಇಟ್ಟು ತೆಗೆದ ಒಂದೇ ಚಿತ್ರ ಸಾಲದು. ನೇರ ಇದ್ದಾಗ ಬಳೆ ತನ್ನ ಜಾಗದಲ್ಲೇ ಇದ್ದಂತೆ ಕಾಣುತ್ತದೆ. ತಲೆ ಮುಂದಕ್ಕೆ ಬಗ್ಗಿಸಿದಾಗಲೇ ಜಾರುವುದು ಗೊತ್ತಾಗುವುದು. ಗಾಡಿಯ ಗಾಲಿ ಸಡಿಲಾದದ್ದು ನಿಂತಾಗ ತಿಳಿಯುವುದಿಲ್ಲ, ಎಳೆದಾಗ ತಿಳಿಯುತ್ತದೆ. ಆದ್ದರಿಂದ ಪಕ್ಕದಿಂದ ಮೂರು ಚಿತ್ರ: ನೇರವಾಗಿ, ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಎತ್ತಿ. ಬಾಯಿ ಅಗಲವಾಗಿ ತೆರೆಸಿ ಎದುರಿನಿಂದ ಇನ್ನೊಂದು ತೆಗೆದರೆ ಗೂಟ ನೇರವಾಗಿ ಕಾಣುತ್ತದೆ.

ಬಗ್ಗಿಸುವ ಕೆಲಸವನ್ನು ರೋಗಿ ತಾನೇ ಮಾಡಬೇಕು, ತನಗೆ ಆಗುವಷ್ಟೇ ಮಾಡಬೇಕು. ಬೇರೆಯವರು ತಲೆ ಹಿಡಿದು ಒತ್ತಲೇಬಾರದು. ಬಗ್ಗಿಸುವಾಗ ಕೈಕಾಲು ಜುಮ್ಮೆಂದರೆ ಕೂಡಲೇ ನಿಲ್ಲಿಸಿ ಹೇಳಬೇಕು. ಬಿದ್ದು ಪೆಟ್ಟಾದವರಿಗೆ, ಆಗಲೇ ಕೈಕಾಲು ಸೋತವರಿಗೆ ಮೊದಲಿಗೇ ಹೀಗೆ ಬಗ್ಗಿಸಿ ತೆಗೆಯಬಾರದು. ಕುತ್ತಿಗೆ ಅಲುಗದಂತೆ ಇಟ್ಟು ವೈದ್ಯರು ಹೇಳಿದಂತೆ ನಡೆಯಬೇಕು.

ಚಿತ್ರದಲ್ಲಿ ವೈದ್ಯರು ಅಳೆಯುವುದು ಎರಡು ಸಂದು. ಬಳೆಯ ಮುಂಭಾಗಕ್ಕೂ ಗೂಟಕ್ಕೂ ನಡುವಿನ ಸಂದು ದೊಡ್ಡವರಲ್ಲಿ 3 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಅಂದರೆ ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೆ ಎಷ್ಟೋ ಸುಮಾರು ಅಷ್ಟು. ಹೆಚ್ಚಿದ್ದರೆ ಪಟ್ಟಿ ಸಡಿಲಾಗಿದೆ ಎಂದು ಅರ್ಥ. ಎರಡನೆಯದು ಗೂಟದ ಹಿಂದೆ ಹುರಿಗೆ ಉಳಿದ ಜಾಗ. ಅದು 14 ಮಿಲಿಮೀಟರಿಗಿಂತ ಕಡಿಮೆಯಾದರೆ ಹುರಿಗೆ ಅಪಾಯ ಎಂದು 1993ರಲ್ಲಿ ಅಮೆರಿಕದ ವೈದ್ಯರು ಬಹಳ ವರ್ಷ ರೋಗಿಗಳನ್ನು ಹಿಂಬಾಲಿಸಿ ನೋಡಿ ಹೇಳಿದರು. ಮುಂದಿನ ಸಂದಿಗಿಂತ ಹಿಂದಿನ ಜಾಗವೇ ಮುಖ್ಯ ಎಂಬುದು ಅವರ ಮಾತಿನ ಸಾರ. ಹೊಲಕ್ಕೆ ಹೋಗುವ ದಾರಿ ಒತ್ತುವರಿಯಾದರೆ, ಎಷ್ಟು ಒತ್ತಿದರು ಅನ್ನುವುದಕ್ಕಿಂತ ಚಕ್ಕಡಿ ಹೋಗಲು ಎಷ್ಟು ಉಳಿಯಿತು ಅನ್ನುವುದೇ ಮುಖ್ಯ ಅಲ್ಲವೆ?

ಎರಡನೆಯದು ಎಂ.ಆರ್.ಐ. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆ, ಹುರಿಯನ್ನು ತೋರಿಸುವುದಿಲ್ಲ. ಹುರಿ ಒತ್ತಿಕೊಂಡಿದೆಯೆ, ಊದಿದ ಪೊರೆ ಎಷ್ಟಿದೆ ಎಂಬುದನ್ನು ಎಂ.ಆರ್.ಐ. ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಇದರಲ್ಲಿ ಎಕ್ಸ್‌ರೇ ಕಿರಣ ಇಲ್ಲ, ದೊಡ್ಡ ಅಯಸ್ಕಾಂತ ಇದೆ. ಕೊಳವೆಯೊಳಗೆ ಅರ್ಧ ತಾಸಿನಷ್ಟು ಅಲುಗದೆ ಮಲಗಬೇಕು. ಬಡಿದಂಥ ದೊಡ್ಡ ಸಪ್ಪಳ ಬರುತ್ತದೆ. ಅಂಜಬೇಕಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಮೈಯೊಳಗೆ ಲೋಹದ ಚೂರು ಇದ್ದವರು ಮೊದಲೇ ಹೇಳಬೇಕು. ಕೈಕಾಲಿನ ಶಕ್ತಿ ಕುಂದಿದವರಿಗೆ, ಎಕ್ಸ್‌ರೇಯಲ್ಲಿ ಸಂದು ಹೆಚ್ಚಿದವರಿಗೆ ಇದು ಬೇಕೇ ಬೇಕು. ಆದರೆ ಎಂ.ಆರ್.ಐ. ಅನ್ನು ಮಲಗಿಸಿ, ಕುತ್ತಿಗೆ ನೇರ ಇಟ್ಟು ತೆಗೆಯುವುದರಿಂದ ಅದರಲ್ಲೂ ಜಾರುವಿಕೆ ತಪ್ಪಿಹೋಗಬಹುದು. “ದೊಡ್ಡ ಮಷೀನಿನ್ಯಾಗ ತಗಿಸೇನಿ, ಸಣ್ಣದ್ಯಾಕ” ಅನ್ನಬೇಡಿರಿ. ಎರಡರ ಕೆಲಸ ಬೇರೆ ಬೇರೆ.

ಮೂರನೆಯದು ಸಿ.ಟಿ. ಎಕ್ಸ್‌ರೇ ಕಿರಣವನ್ನು ಸುತ್ತಲೂ ಹಾಯಿಸಿ ಕಂಪ್ಯೂಟರಿನಿಂದ ಹೋಳು ಹೋಳಾಗಿ ಚಿತ್ರ ಕಟ್ಟುವುದು. ಇದನ್ನು ಸಾಧಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಎಲುಬು ಎಷ್ಟು ಸವೆದಿದೆ, ಆಪರೇಶನ್ ಮಾಡುವುದಾದರೆ ಸ್ಕ್ರೂ ಎಲ್ಲಿ ಕೂರಿಸಬೇಕು ಎಂದು ತಿಳಿಯಲು ಇದು ಬೇಕು. ಸಾದಾ ಎಕ್ಸ್‌ರೇಗಿಂತ ಕಿರಣ ಹೆಚ್ಚು ತಾಗುವುದರಿಂದ ಸುಮ್ಮಸುಮ್ಮನೆ ತೆಗೆಸುವುದಲ್ಲ. ಬಸಿರಿರುವ ಹೆಣ್ಣುಮಕ್ಕಳು ಯಾವ ಚಿತ್ರಕ್ಕೂ ಮೊದಲು ಆ ಮಾತು ಹೇಳಿಬಿಡಬೇಕು.

ಇಲ್ಲಿ ತಾಯಂದಿರಿಗೆ ಒಂದು ಮಾತು. ಚಿತ್ರ ತೆಗೆಯುವಾಗ ಕೊರಳಲ್ಲಿ ತಾಳಿ, ಸರ ಇರಬಾರದು. ಎಕ್ಸ್‌ರೇಯಲ್ಲಿ ಅದು ಎಲುಬಿನ ಮೇಲೆ ನೆರಳು ಬೀಳಿಸಿ ನೋಡಬೇಕಾದದ್ದನ್ನೇ ಮುಚ್ಚುತ್ತದೆ. ಎಂ.ಆರ್.ಐ.ಗೆ ಮೂಗುತಿ, ಕಾಲುಂಗುರ, ಪಿನ್ನು ಎಲ್ಲ ತೆಗೆಯಬೇಕು. ತಾಳಿ ತೆಗೆಯಲಾರೆ ಎಂದು ಚಿತ್ರ ತೆಗೆಸದೆ ಮನೆಗೆ ಮರಳಿದವರನ್ನು ನಾನು ಕಂಡಿದ್ದೇನೆ. ಅವರ ಭಾವನೆ ಸುಳ್ಳಲ್ಲ. ಅರಿಷಿಣ ಹಚ್ಚಿದ ದಾರಕ್ಕೆ ಅರಿಷಿಣದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡು, ತಾಳಿಯನ್ನು ಮನೆಯವರ ಕೈಯಲ್ಲಿ ಕೊಟ್ಟು ಒಳಗೆ ಹೋಗಿರಿ. ಹತ್ತು ನಿಮಿಷದ ಮಾತು. ತಾಳಿ ಇರಬೇಕಾದ ಕೊರಳೇ ಗಟ್ಟಿ ಉಳಿಯಲಿ ಎಂದೇ ಈ ಚಿತ್ರ.

ಇನ್ನು ಮೊಣಕಾಲಿನ ಪ್ರಶ್ನೆಗೆ ಉತ್ತರ. ಆಪರೇಶನ್‌ಗೆ ಪೂರ್ತಿ ಅರಿವಳಿಕೆ ಕೊಟ್ಟಾಗ ಕುತ್ತಿಗೆಯ ಸ್ನಾಯುಗಳು ಸಡಿಲಾಗುತ್ತವೆ. ಎಚ್ಚರ ಇದ್ದಾಗ ನೋವೇ ನಮ್ಮ ಕಾವಲುಗಾರ. ಆಗ ಆ ಕಾವಲು ಇರುವುದಿಲ್ಲ. ಉಸಿರಿಗೆ ನಳಿಗೆ ಹಾಕಲು ತಲೆಯನ್ನು ಎತ್ತಿ ಓರೆ ಮಾಡುತ್ತಾರೆ. ಸಡಿಲಾದ ಕುತ್ತಿಗೆಯಲ್ಲಿ ಹುರಿಗೆ ಪೆಟ್ಟಾಗಬಹುದು. ಮೊದಲೇ ತಿಳಿದಿದ್ದರೆ ಅರಿವಳಿಕೆಯ ವೈದ್ಯರು ಬೇರೆ ದಾರಿ ಹಿಡಿಯುತ್ತಾರೆ. ಬೆನ್ನಿಗೆ ಸೂಜಿ ಕೊಟ್ಟು ಕಾಲನ್ನು ಮಾತ್ರ ಮರಗಟ್ಟಿಸುತ್ತಾರೆ, ಇಲ್ಲವೆ ದುರ್ಬೀನಿನಂಥ ಬಳುಕುವ ನಳಿಗೆಯಿಂದ ಕುತ್ತಿಗೆ ಅಲುಗಿಸದೆ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಆ ತಾಯಿಗೆ ಇದನ್ನೇ ಹೇಳಿದೆ. “ಹಂಗಂತ ಮೊದಲ ಹೇಳಬಾರದೇನ್ರಿ” ಎಂದು ಎದ್ದು ಹೋದರು. ಆಪರೇಶನ್ ಯಾವುದೇ ಇರಲಿ, ನಿಮಗೆ ಬಹಳ ದಿನದ ಸಂಧಿವಾತ ಇದೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿರಿ.

ಯಾರು ಎಚ್ಚರಾಗಬೇಕು? ಸಂಧಿವಾತ ಇದ್ದು, ತಲೆಯ ಹಿಂಭಾಗಕ್ಕೆ ಏರುವ ಕುತ್ತಿಗೆ ನೋವು ಇದ್ದರೆ, ತಲೆ ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟು ಹೊಡೆದಂತಾದರೆ, ಕೈ ಜೋಮು ಹಿಡಿದರೆ, ಸಾಮಾನು ಜಾರಿ ಬಿದ್ದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ, ಅಂದೇ ತೋರಿಸಿರಿ. ಕೆಲವರಿಗೆ ಯಾವ ಲಕ್ಷಣವೂ ಇಲ್ಲದೆ ಕುತ್ತಿಗೆ ಸಡಿಲಾಗಿರುತ್ತದೆ ಎಂಬುದೂ ನೆನಪಿರಲಿ.

ಮಾಡಬಾರದ್ದು ಮುಖ್ಯವಾಗಿ ಎರಡು. ಕ್ಷೌರ ಮುಗಿದ ಮೇಲೆ ಕುತ್ತಿಗೆ ಹಿಡಿದು ಲಟಕ್ಕನೆ ತಿರುವಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಸಂಧಿವಾತ ಇದ್ದವರು ಅದನ್ನು ಮಾಡಿಸಿಕೊಳ್ಳಲೇಬಾರದು. ನೋವು ತೆಗೆಯುತ್ತೇನೆಂದು ಕುತ್ತಿಗೆ ಎಳೆಯುವವರ ಹತ್ತಿರವೂ ಹೋಗಬಾರದು. ಎರಡನೆಯದು, ಕೊಡ, ಹುಲ್ಲಿನ ಹೊರೆ, ಕಟ್ಟಿಗೆಯ ಹೊರೆ ತಲೆಯ ಮೇಲೆ ಹೊರುವುದು. ಚಿತ್ರ ತೆಗೆಸಿ ವೈದ್ಯರು ಸರಿ ಅನ್ನುವವರೆಗೆ ತಲೆಹೊರೆ ಬೇಡ. ಸೊಸೆಯಂದಿರೆ, ಮಕ್ಕಳೆ, ಮನೆಯ ಹಿರಿಯಳಿಗೆ ಸಂಧಿವಾತ ಇದ್ದರೆ ಕೊಡ ನೀವು ಇಸಿದುಕೊಳ್ಳಿರಿ. ಕೊರಳಿಗೆ ಹಾಕುವ ಮೆತ್ತನೆಯ ಪಟ್ಟಿಯಿಂದ ಹಾಯೆನಿಸಬಹುದು. ಅದು ಜಾರುವುದನ್ನು ತಡೆಯುತ್ತದೆಂದು ನಂಬಿ ಕೂಡಬೇಡಿರಿ.

ಕೇಳಿ ಅಂಜಬೇಡಿರಿ, ಒಳ್ಳೆಯ ಸುದ್ದಿಯೂ ಇದೆ. ಸಂಧಿವಾತಕ್ಕೆ ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧಿ ಹಿಡಿದರೆ ಕುತ್ತಿಗೆಯವರೆಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಇದರಲ್ಲಿ ಮುಖ್ಯ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ, ಹೇಳಿದಾಗ ರಕ್ತ ಪರೀಕ್ಷೆ ಮಾಡಿಸಿರಿ. ಹೆಸರು ಹೇಳದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ನೋವು ಹಾರಿಹೋಗುತ್ತದೆ, ಎಲುಬು ಟೊಳ್ಳಾಗುತ್ತದೆ.

ಜಾರಿದ ಕುತ್ತಿಗೆಗೂ ದಾರಿ ಇದೆ. ಮೊದಲೆರಡು ಮಣಿಗಳನ್ನು ಸ್ಕ್ರೂ ಮತ್ತು ಪಟ್ಟಿಯಿಂದ ಬಿಗಿಯುವ ಒಂದು ವಿಧಾನವನ್ನು ನಮ್ಮ ದೇಶದವರೇ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಅತುಲ್ ಗೋಯೆಲ್ ಅವರು ರೂಢಿಸಿದರು. ಲಹೇರಿ ಅವರೊಡನೆ 1994ರಲ್ಲಿ ಅದನ್ನು ಪ್ರಕಟಿಸಿದರು. ಜಗತ್ತಿನ ಶಸ್ತ್ರವೈದ್ಯರು ಇಂದು ಆ ದಾರಿಯಲ್ಲಿ ನಡೆಯುತ್ತಾರೆ. ತಲೆ ತಿರುಗಿಸುವುದು ಕಡಿಮೆಯಾಗುತ್ತದೆ, ಹುರಿ ಉಳಿಯುತ್ತದೆ.

ಕೊನೆಗೆ ಸಂಘಕ್ಕೆ ಒಂದು ಅರಿಕೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆ ಬಂತು. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯಿತು. ಯಾವ ಚಿಕಿತ್ಸೆ ಅದರಲ್ಲಿ ಸೇರಿದೆ, ಹೆಸರು ಹಚ್ಚುವ ಕೊನೆಯ ದಿನ ಯಾವುದು ಎಂಬುದನ್ನು ಸಂಘದ ಹಲಗೆಯ ಮೇಲೆ ಬರೆಸಿದರೆ, ಸದಸ್ಯರು ಕಾಯಿಲೆ ಬಂದ ಮೇಲೆ ಓಡಾಡುವುದು ತಪ್ಪುತ್ತದೆ. ಸದಸ್ಯರಿಗೂ ಒಂದು ಮಾತು. ಸಂಘದ ಪಾಸ್‌ಬುಕ್ಕನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಡುತ್ತೀರಿ. ಎಕ್ಸ್‌ರೇ ಫಿಲ್ಮನ್ನು ಮಾತ್ರ ಜಂತಿಗೆ ಸಿಕ್ಕಿಸಿ ಹೊಗೆ ಹಿಡಿಸುತ್ತೀರಿ. ಅದನ್ನೂ ಪಾಸ್‌ಬುಕ್ಕಿನ ಪಕ್ಕದಲ್ಲಿ ಇಡಿರಿ. ಹಳೆಯ ಚಿತ್ರದ ಪಕ್ಕ ಹೊಸದನ್ನು ಹಿಡಿದು ನೋಡಿದಾಗಲೇ ಎಷ್ಟು ಜಾರಿತು ಎಂಬ ಲೆಕ್ಕ ಸಿಗುವುದು. ಬಾಕಿ ಎಷ್ಟೆಂದು ತಿಳಿಯಲು ಹಿಂದಿನ ಪುಟವೂ ಬೇಕಲ್ಲವೆ?

ಮನೆಗೆ ಹೋಗಿ ನಿಮ್ಮ ತಾಯಿಯ, ಅತ್ತೆಯ, ಅಕ್ಕನ ಕೈಬೆರಳು ಒಮ್ಮೆ ನೋಡಿರಿ. ಗಿಣ್ಣು ಊದಿದ್ದರೆ, ಕುತ್ತಿಗೆಯ ಮಾತನ್ನೂ ಕೇಳಿರಿ. ಇಷ್ಟು ಮಾಡಿದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ.

 ಸಂಘ ನೂರು ವರ್ಷ ಬಾಳಲಿ. ಜೈ ಸಹಕಾರ.